ಶಿವಮೊಗ್ಗ ಧರ್ಮಕ್ಷೇತ್ರ

ಶಿವಮೊಗ್ಗ ಧರ್ಮಕ್ಷೇತ್ರವು ಶಿವಮೊಗ್ಗ, ಚಿತ್ರದುರ್ಗ ಮತ್ತು ದಾವಣಗೆರೆ ಸೀಮೆಯ ರೋಮನ್ ಕಥೋಲಿಕ ಕ್ರೈಸ್ತರ ಆಡಳಿತ ಘಟಕ. ಪೋಪ್ ಎರಡನೇ ಜಾನ್ ಪಾಲ್ ಅವರು 1988ರ ನವೆಂಬರ್ 14ರಂದು ಇದನ್ನು ಸ್ಥಾಪಿಸಿದರು. ಪಶ್ಚಿಮದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಅಡಿಕೆ ತೋಟಗಳಿಂದ ಹಿಡಿದು ಪೂರ್ವದಲ್ಲಿ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳನ್ನು ದಾಟಿ ಆಂಧ್ರದ ಗಡಿಗೆ ಹತ್ತಿರದ ಹರಿಯಬ್ಬೆಯ ಕಡೆಯವರೆಗೆ ಇದರ ವ್ಯಾಪ್ತಿ ಹರಡಿದೆ. ಬೆಂಗಳೂರು ಮಹಾಧರ್ಮಕ್ಷೇತ್ರದ ಪ್ರಾಂತ್ಯಕ್ಕೆ ಸೇರಿದ್ದರೂ ಒಳಾಡಳಿತದಲ್ಲಿ ಇದು ಸ್ವತಂತ್ರ. ಇಲ್ಲಿನ ಧರ್ಮಾಧ್ಯಕ್ಷರು (ಬಿಷಪ್) ನೇರವಾಗಿ ಪೋಪರಿಗೆ ಹೊಣೆಗಾರರು.

ಧರ್ಮಕ್ಷೇತ್ರ ಹೊಸದಾದರೂ ಅದರ ಬೇರು ಹಳೆಯದು. 1648ರಲ್ಲಿ ಯೇಸುಸಭೆಯ (ಜೆಸ್ವಿಟ್) ಇಟಲಿಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದರು. ಅವರು ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಬರಹಗಳನ್ನು ಸಿದ್ಧಪಡಿಸಿದರು. ಜನರ ಭಾಷೆಯಲ್ಲಿ ಬೋಧಿಸುವ ಈ ಪದ್ಧತಿ ಒಳನಾಡಿನ ಕ್ರೈಸ್ತ ಸಮುದಾಯಗಳಿಗೆ ಮೊದಲಿನಿಂದಲೂ ಕನ್ನಡದ ಚಹರೆಯನ್ನು ಕೊಟ್ಟಿತು. 1773ರಲ್ಲಿ ಪೋಪ್ ಹದಿನಾಲ್ಕನೇ ಕ್ಲೆಮೆಂಟ್ ಯೇಸುಸಭೆಯನ್ನೇ ರದ್ದುಪಡಿಸಿದಾಗ ಮಿಷನ್ ಕುಸಿಯಿತು. ಮುಂದೆ ಅದರ ಹೊಣೆ ಹೊತ್ತವರು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಗುರುಗಳು. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಮೈಸೂರು ಸೀಮೆಗೆ ಬಂದು ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದ ಅಬ್ಬೆ ದ್ಯುಬುವಾ ಈ ಸಂಘದವರೇ.

1886ರಲ್ಲಿ ಮೈಸೂರು ಪೂರ್ಣ ಪ್ರಮಾಣದ ಧರ್ಮಕ್ಷೇತ್ರವಾಯಿತು. ಶಿವಮೊಗ್ಗ, ಚಿತ್ರದುರ್ಗ ಎರಡೂ ಅದರೊಳಗಿದ್ದವು. 1940ರಲ್ಲಿ ಬೆಂಗಳೂರು ಬೇರೆಯಾದಾಗ ಚಿತ್ರದುರ್ಗ ಅದರ ಪಾಲಿಗೆ ಬಂತು. ಶಿವಮೊಗ್ಗ ಮೈಸೂರಿನಲ್ಲಿಯೇ ಉಳಿಯಿತು. ಒಂದೇ ಮನೆಯಲ್ಲಿದ್ದ ಎರಡು ಸೀಮೆಗಳು ಹೀಗೆ ಅಗಲಿ, ಸುಮಾರು ಅರ್ಧ ಶತಮಾನ ಬೇರೆ ಬೇರೆ ಧರ್ಮಾಧ್ಯಕ್ಷರ ಕೈಕೆಳಗೆ ಬೆಳೆದವು. 1963ರ ನವೆಂಬರಿನಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ರಚನೆಯಾದಾಗ ಶಿವಮೊಗ್ಗ ಜಿಲ್ಲೆ ಅದಕ್ಕೆ ಸೇರಿತು. ಅದರ ಮೊದಲ ಧರ್ಮಾಧ್ಯಕ್ಷ ಅಲ್ಫೋನ್ಸಸ್ ಮಥಾಯಸ್ ಅವರಿಗೆ ಆಗ 35 ವರ್ಷ. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಲ್ಯಾಟಿನ್ ಬದಲು ಜನರ ಭಾಷೆಯಲ್ಲಿ ಪೂಜೆಗೆ ಅವಕಾಶ ಕೊಟ್ಟ ಕಾಲವದು. ಅರ್ಥವಾಗದ ಮಂತ್ರಗಳನ್ನು ಕೇಳಿಸಿಕೊಂಡು ಬರುತ್ತಿದ್ದ ಹಳ್ಳಿಯ ಭಕ್ತರು ಪೂಜೆಯಲ್ಲಿ ಬಾಯಿಬಿಟ್ಟು ಪಾಲ್ಗೊಳ್ಳತೊಡಗಿದರು. ಈ ನಾಡಿನ ಕಥೋಲಿಕರ ಬದುಕಿನಲ್ಲಿ ಗಡಿಗಳ ಮರುಹಂಚಿಕೆಗಿಂತ ಇದು ದೊಡ್ಡ ಬದಲಾವಣೆ.

ಶಿವಮೊಗ್ಗ ಮತ್ತು ಚಿತ್ರದುರ್ಗ ಸೀಮೆಗಳ ಜನಜೀವನವೂ ಬೇರೆ. ಮಲೆನಾಡಿನ ಕಡೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕುಟುಂಬಗಳು ನೆಲೆಸಿದವು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಹಲವು ಕಡೆಗಳ ದುಡಿಮೆಗಾರರನ್ನು ಸೆಳೆಯಿತು. ತಮಿಳು ಮಾತಾಡುವ ಕ್ರೈಸ್ತರೂ ಅವರೊಳಗಿದ್ದರು. ಚಿತ್ರದುರ್ಗದ ಬಯಲುಸೀಮೆಯಲ್ಲಿ ಮಳೆಯನ್ನೇ ನಂಬಿದ ಒಣಬೇಸಾಯ, ದೂರ ದೂರದ ಊರುಗಳು, ಕನ್ನಡದ ಜೊತೆಗೆ ತೆಲುಗಿನ ಬಳಕೆ. 1988ರಲ್ಲಿ ಚಿಕ್ಕಮಗಳೂರಿನಿಂದ ಶಿವಮೊಗ್ಗವನ್ನೂ ಬೆಂಗಳೂರಿನಿಂದ ಚಿತ್ರದುರ್ಗವನ್ನೂ ಬಿಡಿಸಿ ಕೂಡಿಸಿದಾಗ ಹೊಸ ಧರ್ಮಕ್ಷೇತ್ರದ ಮುಂದಿದ್ದ ನಿಜವಾದ ಕೆಲಸ ಈ ಎರಡನ್ನು ಬೆಸೆಯುವುದು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದ್ದರಿಂದ ಧರ್ಮಕ್ಷೇತ್ರದ ವ್ಯಾಪ್ತಿ ಎರಡರ ಬದಲು ಮೂರು ಜಿಲ್ಲೆಗಳದ್ದಾಯಿತು.

ಮೊದಲ ಧರ್ಮಾಧ್ಯಕ್ಷ ಇಗ್ನೇಷಿಯಸ್ ಪಿಂಟೊ ಅವರ ಕಾಲ ಕಟ್ಟುವ ಕಾಲ. ಕಚೇರಿಯಿಂದ ಹಿಡಿದು ಗುರುಗಳ ತರಬೇತಿಯವರೆಗೆ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಿತ್ತು. ಶಿವಮೊಗ್ಗದ ಬಿ.ಎಚ್. ರಸ್ತೆಯ ಪವಿತ್ರ ಹೃದಯ ದೇವಾಲಯ ಧರ್ಮಾಧ್ಯಕ್ಷರ ಪೀಠವಿರುವ ಪ್ರಧಾನಾಲಯದ ಸ್ಥಾನ ಪಡೆಯಿತು. ರೋಮನ್ ಮತ್ತು ಗಾಥಿಕ್ ಶೈಲಿಗಳು ಬೆರೆತ ಅದರ ಈಗಿನ ವಿಶಾಲ ಕಟ್ಟಡ ನಗರದ ಗುರುತುಗಳಲ್ಲಿ ಒಂದು. 1998ರಲ್ಲಿ ಪಿಂಟೊ ಅವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ತೆರಳಿದರು. ಆ ಪೀಠದಲ್ಲಿ ಅವರಿಗಿಂತ ಹಿಂದೆ, 1986ರಿಂದ ಇದ್ದವರು ಮಥಾಯಸ್. ಹೀಗೆ ಶಿವಮೊಗ್ಗ ಸೀಮೆಯನ್ನು ನೋಡಿಕೊಂಡಿದ್ದ ಇಬ್ಬರು ಒಬ್ಬರ ಹಿಂದೊಬ್ಬರು ರಾಜ್ಯದ ಅತಿ ಹಿರಿಯ ಪೀಠಕ್ಕೇರಿದಂತಾಯಿತು.

ಎರಡನೆಯವರಾದ ಜೆರಾಲ್ಡ್ ಐಸಾಕ್ ಲೋಬೊ 2000ದಲ್ಲಿ ಅಭಿಷಿಕ್ತರಾಗಿ ಹನ್ನೆರಡು ವರ್ಷ ಇಲ್ಲಿದ್ದರು. 2012ರಲ್ಲಿ ಮಂಗಳೂರಿನಿಂದ ಬೇರ್ಪಟ್ಟ ಉಡುಪಿ ಧರ್ಮಕ್ಷೇತ್ರಕ್ಕೆ ಮೊದಲ ಧರ್ಮಾಧ್ಯಕ್ಷರಾಗಿ ಅವರನ್ನು ಕಳಿಸಲಾಯಿತು. ಸುಮಾರು ಎರಡು ವರ್ಷ ಶಿವಮೊಗ್ಗದ ಪೀಠ ತೆರವಾಗಿತ್ತು. 2014ರಲ್ಲಿ ಯೇಸುಸಭೆಯ ಕರ್ನಾಟಕ ಪ್ರಾಂತ್ಯದ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಸೆರಾವೊ ನೇಮಕಗೊಂಡರು. ಚಿನ್ನಮಿಯವರ ಸಭೆಯ ಸದಸ್ಯರೊಬ್ಬರು ಈ ನೆಲದ ಧರ್ಮಾಧ್ಯಕ್ಷರಾದದ್ದು ಇತಿಹಾಸ ಬಲ್ಲವರಿಗೆ ಗಮನಾರ್ಹ. 2025ರಲ್ಲಿ ಅವರನ್ನು ಮೈಸೂರು ಧರ್ಮಕ್ಷೇತ್ರಕ್ಕೆ ವರ್ಗಾಯಿಸಲಾಯಿತು.

ಮೊದಲ ಮೂವರು ಧರ್ಮಾಧ್ಯಕ್ಷರಲ್ಲಿ ಒಬ್ಬರೂ ಇಲ್ಲಿ ನಿವೃತ್ತರಾಗಲಿಲ್ಲ. ಮೂವರನ್ನೂ ಬೇರೆ ಪೀಠಗಳು ಕರೆದುಕೊಂಡವು. ಆದ್ದರಿಂದ ಈ ಧರ್ಮಕ್ಷೇತ್ರದ ಕತೆಯನ್ನು ಪೀಠದಲ್ಲಿ ಕುಳಿತವರ ಮೂಲಕ ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ. ಧರ್ಮಕೇಂದ್ರದ ಗುರುಗಳು, ಶಾಲೆ ಮತ್ತು ಆಸ್ಪತ್ರೆಗಳಲ್ಲಿ ದುಡಿದ ಕನ್ಯಾಸ್ತ್ರೀಯರು, ಗುರುಗಳು ಅಪರೂಪಕ್ಕೆ ತಲುಪುತ್ತಿದ್ದ ಹಳ್ಳಿಗಳಲ್ಲಿ ಜಪ ಹೇಳಿಕೊಟ್ಟ ಉಪದೇಶಿಗಳು ಇದರ ನಿರಂತರತೆಯನ್ನು ಕಾಪಾಡಿದರು. ಧರ್ಮಕ್ಷೇತ್ರದ ಸಮಾಜ ಸೇವಾ ಸಂಸ್ಥೆಯಾದ ಶಿವಮೊಗ್ಗ ಮಲ್ಟಿಪರ್ಪಸ್ ಸೋಷಿಯಲ್ ಸರ್ವಿಸ್ ಸೊಸೈಟಿ ಜಾತಿ ಮತಗಳ ಭೇದವಿಲ್ಲದೆ ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಟ್ಟಿದೆ.

ಮಲೆನಾಡು ಮತ್ತು ಬಯಲುಸೀಮೆಗಳ ಭಕ್ತರು ಒಟ್ಟಿಗೆ ಸೇರುವ ಜಾಗ ಶಿವಮೊಗ್ಗಕ್ಕಿಂತ ಹೆಚ್ಚಾಗಿ ಹರಿಹರ. ತುಂಗಭದ್ರೆಯ ದಡದ ಈ ಊರಿನ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮದಿನದ ಹಬ್ಬಕ್ಕೆ ಸುತ್ತಲಿನ ಜಿಲ್ಲೆಗಳಿಂದ ಜನ ಹರಿದುಬರುತ್ತಾರೆ. ಹಬ್ಬಕ್ಕೆ ಮೊದಲು ಒಂಬತ್ತು ದಿನಗಳ ನವೇನಾ ಪ್ರಾರ್ಥನೆ ನಡೆಯುತ್ತದೆ. ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇರುತ್ತಾರೆ. ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಈ ದೇವಾಲಯಕ್ಕೆ ಕಿರು ಬೆಸಿಲಿಕಾ ಎಂಬ ಗೌರವ ಪದವಿ ದೊರೆಯಿತು.

ಧರ್ಮಾಧ್ಯಕ್ಷರನ್ನು ನೇಮಿಸುವವರು ಪೋಪ್. 75 ವರ್ಷ ತುಂಬಿದಾಗ ಧರ್ಮಾಧ್ಯಕ್ಷರು ರಾಜೀನಾಮೆ ಸಲ್ಲಿಸಬೇಕೆಂಬುದು ಧರ್ಮಸಭೆಯ ಕಾನೂನು. ದಿನನಿತ್ಯದ ಆಡಳಿತದಲ್ಲಿ ಶ್ರೇಷ್ಠಗುರು (ವಿಕಾರ್ ಜನರಲ್) ಮತ್ತು ಗುರುಗಳ ಸಲಹಾ ಮಂಡಲಿ ನೆರವಾಗುತ್ತವೆ. ಪೀಠ ತೆರವಾದಾಗ ಸಲಹಾ ಮಂಡಲಿ ಆರಿಸಿದ ಗುರುವೊಬ್ಬರು, ಇಲ್ಲವೆ ಪೋಪ್ ನೇಮಿಸಿದ ಆಡಳಿತಾಧಿಕಾರಿ, ಹೊಸಬರು ಬರುವವರೆಗೆ ಹೊಣೆ ಹೊರುತ್ತಾರೆ. ಆ ಅವಧಿಯಲ್ಲಿ ದೊಡ್ಡ ಬದಲಾವಣೆಗಳನ್ನು ಮಾಡುವಂತಿಲ್ಲ.