1914ರ ವ್ಯಾಪಾರನಿಷೇಧವೂ ಮೈಸೂರಿನ ಶ್ರೀಗಂಧವೂ

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿಯೂ ಬಂಡೀಪುರದ ಕಾಡಿನಲ್ಲಿಯೂ, ಶ್ರೀಗಂಧವು ಯಾರೂ ಬಿತ್ತದೆಯೇ ಹುಟ್ಟತಕ್ಕ ಮರ. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಬೇಲಿಗಳಲ್ಲಿ ಉದುರಿಸುವುವು. ಸಸಿಯು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ತಗುಲಿಸಿ ಬೆಳೆಯುವುದು. ಆದರೆ ರೈತನ ಬೇಲಿಯಲ್ಲಿ ಹುಟ್ಟಿದರೂ ಮರವು ರೈತನದಾಗಿರಲಿಲ್ಲ. ಟಿಪ್ಪು ಸುಲ್ತಾನನು 1792ರಲ್ಲಿ ಇದನ್ನು ರಾಜವೃಕ್ಷವೆಂದು ಸಾರಿದನು. ಅನಂತರ ಬಂದ ಒಡೆಯರ ಸರ್ಕಾರವಾಗಲಿ, 1831ರಿಂದ 1881ರವರೆಗೆ ಆಳಿದ ಇಂಗ್ಲಿಷ್ ಕಮಿಷನರುಗಳಾಗಲಿ ಈ ಹಕ್ಕನ್ನು ಬಿಟ್ಟುಕೊಡಲಿಲ್ಲ.

ಗಂಧದ ಮರವನ್ನು ಕಡಿಯದೆ ಬೇರುಸಹಿತ ಕೀಳುವುದು ವಾಡಿಕೆ. ಬೇರಿನಲ್ಲಿ ತೈಲವು ಅಧಿಕವಷ್ಟೆ. ಹೊರಗಿನ ಬಿಳಿಯ ಮರವನ್ನು ಕೆತ್ತಿ ತೆಗೆದು, ಚೇಗನ್ನು ಗಂಧದ ಕೋಠಿಗೆ ಸಾಗಿಸಿ, ದರ್ಜೆವಾರು ವಿಂಗಡಿಸಿ ಹರಾಜು ಹಾಕುತ್ತಿದ್ದರು. ಹೀಗೆ ಮಾರಿದ ಮರದ ಬಹುಭಾಗವು ಜರ್ಮನಿಗೆ ಹೋಗಿ ಅಲ್ಲಿಯ ಕಾರ್ಖಾನೆಗಳಲ್ಲಿ ತೈಲವಾಗುತ್ತಿದ್ದಿತು. ಮರ ನಮ್ಮದು, ವಿದ್ಯೆ ಅವರದು.

1914ರ ಆಗಸ್ಟಿನಲ್ಲಿ ಯುದ್ಧವು ಮೊದಲಾಗಲು ಶತ್ರುದೇಶದೊಡನೆ ವ್ಯಾಪಾರವು ನಿಷಿದ್ಧವಾಯಿತು. ನಿಷೇಧದ ಗುರಿ ಜರ್ಮನಿ. ಪೆಟ್ಟು ಮೈಸೂರಿನ ಬೊಕ್ಕಸಕ್ಕೂ ತಗುಲಿತು. ಕೊಳ್ಳುವವರಿಲ್ಲದೆ ಮರವು ಕೋಠಿಗಳಲ್ಲಿ ಉಳಿಯಿತು. ಅರಣ್ಯದ ಹುಟ್ಟುವಳಿಯಲ್ಲಿ ಮುಖ್ಯವಾದದ್ದೊಂದು ಕುಗ್ಗಿತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಕೈಗಾರಿಕೆಗಳ ಅಧಿಕಾರಿ ಆಲ್ಫ್ರೆಡ್ ಚಾಟರ್ಟನ್ನರ ಪ್ರಯತ್ನದಿಂದ, ಬೆಂಗಳೂರಿನ ತಾತಾ ವಿಜ್ಞಾನಮಂದಿರದಲ್ಲಿ ಸಡ್‌ಬರೋ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ತೈಲವಿಳಿಸುವ ಕ್ರಮವನ್ನು ಪರೀಕ್ಷಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಕಾರ್ಖಾನೆಗಳು ಆರಂಭವಾದವು. ಮೈಸೂರು ಸ್ಯಾಂಡಲ್ ಸೋಪಿನ ಮೂಲವೂ ಇಲ್ಲಿಯೇ.

ಕಷ್ಟವೇ ವರವಾಯಿತೆಂದು ಈ ಕಥೆಯನ್ನು ಮುಗಿಸುವುದು ರೂಢಿ. ಅದು ಸುಳ್ಳಲ್ಲ; ಆದರೆ ನಿಷೇಧವು ತಾನಾಗಿ ಕೈಗಾರಿಕೆಯನ್ನು ಹುಟ್ಟಿಸಿತೆನ್ನುವುದು ಸರಿಯಲ್ಲ. ಮರವೆಲ್ಲವೂ ಒಬ್ಬನೇ ಒಡೆಯನ ಕೈಯಲ್ಲಿದ್ದುದರಿಂದ ಮಾರದೆ ಕಾದಿರುವುದು ಸಾಧ್ಯವಾಯಿತು. ಸಾವಿರಾರು ರೈತರು ಮಾರುವ ಪದಾರ್ಥವಾಗಿದ್ದರೆ ಅವರು ಎರಡು ವರ್ಷ ಹೇಗೆ ಕಾಯುತ್ತಿದ್ದರು? ಅದೇ ಏಕಸ್ವಾಮ್ಯದ ಮತ್ತೊಂದು ಮುಖವನ್ನು ಗುಂಡ್ಲುಪೇಟೆಯ ಕಡೆಯ ಬೇಲಿಗಳಲ್ಲಿ ನೋಡಬೇಕು. ಜರ್ಮನರು ಕೊಂಡರೂ ಮೈಸೂರಿನವರೇ ತೈಲವಿಳಿಸಿದರೂ ಮರದ ಒಡೆತನವು ರೈತನಿಗೆ ಬರಲಿಲ್ಲ. ತನ್ನ ಹೊಲದಲ್ಲಿ ಗಂಧದ ಸಸಿಯನ್ನು ಕಂಡು ಸಂತೋಷಪಡಲು ಅವನಿಗೆ ಹೆಚ್ಚಿನ ಕಾರಣವಿರಲಿಲ್ಲ. ಸಸಿಯಿದ್ದರೆ ಅಧಿಕಾರಿಗಳ ಬರವೂ ಇದ್ದೀತು. ಜಮೀನಿನಲ್ಲಿ ಬೆಳೆದ ಗಂಧವು ಜಮೀನಿನವನದೇ ಎಂದು ಕರ್ನಾಟಕದ ಕಾನೂನು ತಿದ್ದುಪಡಿಯಾದುದು 2001ರಲ್ಲಿ. ಅಷ್ಟರೊಳಗೆ ಕಳ್ಳಸಾಗಣೆಯ ದೆಸೆಯಿಂದ ಕಾಡಿನ ಬಲಿತ ಮರಗಳು ವಿರಳವಾಗಿದ್ದವು.