ಬೆಂಡುಂಗ್: ನೀರಿಗೂ ಜನಕ್ಕೂ ಒಂದೇ ಪದ

1955ರ ಬಾಂಡುಂಗ್ ಸಮ್ಮೇಳನ ನೆನಪಿದ್ಯಾ? ನೆಹರೂ, ಸುಕಾರ್ನೊ, 29 ದೇಶ ಅಂತ ಉರು ಹೊಡೆದು, ಪರೀಕ್ಷೆ ಮುಗಿದ ಮೇಲೆ ಮರೆತುಬಿಟ್ವಿ. ಇಂಡೋನೇಷ್ಯಾದ ಆ ಊರಿನ ಹೆಸರು ‘ಬೆಂಡುಂಗ್’ ಅನ್ನೋ ಪದದಿಂದ ಬಂತು ಅಂತ ಹೇಳ್ತಾರೆ. ಹರಿಯೋ ನೀರಿಗೆ ಅಡ್ಡ ಕಟ್ಟೋದು ಅಂತ ಅರ್ಥ.

‘ಬೆಂಡುಂಗಾನ್’ ಅಂದ್ರೆ ಅಣೆಕಟ್ಟು. ‘ಮೆಂಬೆಂಡುಂಗ್’ ಅಂದ್ರೆ ತಡೆಹಿಡಿಯೋದು. ನದಿಯನ್ನಷ್ಟೇ ಅಲ್ಲ, ಕಣ್ಣೀರು, ರೋಗ ಹರಡೋದು, ಎಲ್ಲದಕ್ಕೂ ಇದೇ ಪದ. ನಮ್ಮಲ್ಲೂ ದುಃಖದ ಕಟ್ಟೆ ಒಡೆಯುತ್ತಲ್ವಾ, ಹಾಗೇ. ಕಮ್ಯುನಿಸಂ ತಡೆಯೋದು ಅನ್ನೋಕೂ ಅವರು ಇದನ್ನೇ ಬಳಸ್ತಾರೆ. ಈ ಎರಡೂ ಅರ್ಥ ಒಂದೇ ಜಾಗದಲ್ಲಿ ಸೇರಿದ ಕತೆ ಹೇಳ್ತೀನಿ, ಕೇಳಿ.

ಮಧ್ಯ ಜಾವಾದ ಕೆಡುಂಗ್ ಓಂಬೋ. ಸುಹಾರ್ತೋ ಆಳ್ವಿಕೆ. ವಿಶ್ವಬ್ಯಾಂಕ್ ಸಾಲ ತಂದು 1985ರ ಹೊತ್ತಿಗೆ ಅಲ್ಲಿ ಅಣೆಕಟ್ಟಿನ ಕೆಲಸ ಶುರುವಾಯ್ತು. ನೀರಾವರಿ, ಕರೆಂಟು, ಪ್ರವಾಹ ತಡೆ, ಉದ್ದೇಶ ಎಲ್ಲಾ ಸರಿಯಾಗೇ ಇತ್ತು. ಆದರೆ 5,000ಕ್ಕೂ ಹೆಚ್ಚು ಕುಟುಂಬ ಜಾಗ ಬಿಡಬೇಕಿತ್ತು. ನಾವು ಬಿಕಾಂನೋರು ‘ಭೂಮಿಯ ಬೆಲೆ’ ಅಂತ ಒಂದು ಸಾಲು ಬರೆದು ಮುಂದೆ ಹೋಗ್ತೀವಿ. ಅಲ್ಲಿ ಜಗಳ ಹುಟ್ಟಿದ್ದೇ ಆ ಒಂದು ಸಾಲಲ್ಲಿ. ಬೆಲೆ ನಿಗದಿ ಮಾಡಿದ್ದು ಸರ್ಕಾರ. ಇಷ್ಟು ಕಡಿಮೆಗೆ ಕೊಡಲ್ಲ ಅಂತ ನೂರಾರು ಕುಟುಂಬ ಕೂತುಬಿಟ್ವು.

ಹಾಗಂದವರ ಗುರುತಿನ ಚೀಟಿ ಮೇಲೆ ‘ಇ.ಟಿ.’ ಅಂತ ಮುದ್ರೆ ಬಿತ್ತು. ಮಾಜಿ ರಾಜಕೀಯ ಕೈದಿ ಅಂತ ಅದರರ್ಥ. 1965ರ ಹತ್ಯಾಕಾಂಡ ನೋಡಿದ್ದ ದೇಶದಲ್ಲಿ ಆ ಎರಡು ಅಕ್ಷರ ಇದ್ರೆ ಕಮ್ಯುನಿಸ್ಟ್ ಅಂತ ಹಣೆಪಟ್ಟಿ ಕಟ್ಟಿದ ಹಾಗೆ. ಹೊಲದ ರೇಟು ಕೇಳಿದ ರೈತನಿಗೆ!

1989ರ ಜನವರಿಯಲ್ಲಿ ಜನ ಇನ್ನೂ ಅಲ್ಲೇ ಇರುವಾಗಲೇ ನೀರು ತುಂಬಿಸೋಕೆ ಶುರು ಮಾಡಿದ್ರು. ನೀರು ಏರಿದಂಗೆಲ್ಲ ಅವರೂ ಮೇಲೆ ಮೇಲೆ ಗುಡಿಸಲು ಹಾಕ್ಕೊಂಡು ಹೋದ್ರು. ಅಲ್ಲಿನ ಮಕ್ಕಳ ಜೊತೆ ನಿಂತವರು ಮಂಗುನ್‌ವಿಜಯ, ಪಾದ್ರಿ, ವಾಸ್ತುಶಿಲ್ಪಿ, ಕಾದಂಬರಿಕಾರ ಮೂರೂ ಆಗಿದ್ದ ಮನುಷ್ಯ. ಬೀದಿಗಿಳಿದವರು ಕಾಲೇಜು ಹುಡುಗರು, ನಮ್ಮ ವಯಸ್ಸಿನವರೇ. ಸುಹಾರ್ತೋ ಕಾಲದಲ್ಲಿ ಹಾಗೆ ಬೀದಿಗಿಳಿಯೋಕೆ ಎಷ್ಟು ಧೈರ್ಯ ಬೇಕಿತ್ತು, ಯೋಚನೆ ಮಾಡಿ.

34 ಜನ ಕೋರ್ಟಿಗೂ ಹೋದ್ರು. ಸುಪ್ರೀಂ ಕೋರ್ಟು ಪರಿಹಾರ ಹೆಚ್ಚಿಸಿ ಅವರ ಪರವಾಗಿ ತೀರ್ಪು ಕೊಟ್ಟಿತು. 1994ರಲ್ಲಿ ಅದೇ ಕೋರ್ಟು, ಮರುಪರಿಶೀಲನೆ ಅಂತ ಆ ತೀರ್ಪನ್ನೇ ರದ್ದು ಮಾಡಿತು. ಅಷ್ಟೊತ್ತಿಗೆ ಅವರ ಹೊಲದ ಮೇಲೆ ನೀರು ನಿಂತು ಐದು ವರ್ಷ ಆಗಿತ್ತು.

ನಿಮ್ಮ ಮನೇಲಿ ಮುಳುಗಡೆ ಊರಿಂದ ಬಂದವರು ಯಾರಾದ್ರೂ ಇದ್ರೆ ಕೇಳಿ ನೋಡಿ, ಅವತ್ತು ಎಕರೆಗೆ ಎಷ್ಟು ಕೊಟ್ಟಿದ್ರು ಅಂತ. ಕಾಮೆಂಟಲ್ಲಿ ಬರೀರಿ.