ಸೈನೈಡ್ ದಿಬ್ಬಗಳ ಊರು

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲುಹಾದಿ ಬರೀ 16 ಕಿಲೋಮೀಟರ್. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ನಿಲ್ದಾಣಗಳಿಗೂ ಕೋಲಾರ ಚಿನ್ನದ ಗಣಿಗಳ (ಕೆ.ಜಿ.ಎಫ್.) ಹೆಸರೇ. ಊರಿಗಾಂ ದಾಟುವ ಹೊತ್ತಿಗೆ ಮನೆಗಳ ಹಿಂದೆ ಬೂದುಬಣ್ಣದ ಬೆಟ್ಟಗಳು ಕಾಣತೊಡಗುತ್ತವೆ. ನೆತ್ತಿ ಮಟ್ಟಸ, ಪಕ್ಕೆಯಲ್ಲಿ ಮಳೆನೀರು ಕೊರೆದ ಆಳದ ಕೊರಕಲು. ಬೆಟ್ಟವೆಂದರೆ ಬಂಡೆ ಇರಬೇಕು. ಇಲ್ಲಿ ಒಂದು ಹರಳೂ ಸಿಗುವುದಿಲ್ಲ. ಹಿಡಿಯಲ್ಲಿ ತೆಗೆದುಕೊಂಡರೆ ಬೆರಳ ಸಂದಿಯಿಂದ ಜಾರಿಹೋಗುವಷ್ಟು ನುಣ್ಣನೆಯ ಹುಡಿ. ಊರಿನವರು ಇವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಕೆ.ಜಿ.ಎಫ್. ಸಿನಿಮಾ ನೋಡಿದವರಿಗೆ ಈ ನೋಟ ಹೊಸತಲ್ಲ.

ಇಲ್ಲಿ ಚಿನ್ನವಿದೆ ಎಂಬುದು ಹಳೆಯ ಸುದ್ದಿ. 1802ರಲ್ಲಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್, ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. 1870ರ ದಶಕದಲ್ಲಿ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಗಣಿಯ ಪರವಾನಗಿ ಪಡೆದ. ಆದರೆ ಊರು ಕಟ್ಟಿದ್ದು 1880ರ ನಂತರ ಬಂದ ಜಾನ್ ಟೇಲರ್ ಕಂಪನಿ. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಕೂಲಿಗೆ ಬಂದವರಲ್ಲಿ ದಲಿತರೇ ಹೆಚ್ಚು. ಅವರಿಗೆ ಸಾಲುಮನೆಗಳ 'ಲೈನು', ದೊರೆಗಳಿಗೆ ತೋಟದ ನಡುವೆ ಬಂಗಲೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಇಲ್ಲಿಗೆ ಬಂತು. ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ನೀರೂ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು.

ಗಣಿ ಆಳಕ್ಕಿಳಿದಂತೆ ದಿಬ್ಬಗಳೂ ಬೆಳೆದವು. ಮೇಲೆ ಬಂದ ಅದಿರನ್ನು ಗಿರಣಿಯಲ್ಲಿ ಹಿಟ್ಟಾಗಿ ಕುಟ್ಟಿ, ಸೈನೈಡ್ ದ್ರಾವಣದಲ್ಲಿ ನೆನೆಸಿ ಚಿನ್ನ ಕರಗಿಸಿಕೊಳ್ಳುತ್ತಿದ್ದರು. ಉಳಿದ ಕೆಸರನ್ನು ಲೈನುಗಳ ಪಕ್ಕದಲ್ಲೇ ಸುರಿದರು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಊರು ಬಿಟ್ಟು ಹೋಯಿತು, ಸುಮಾರು 3.3 ಕೋಟಿ ಟನ್ ಹುಡಿ 13 ದಿಬ್ಬಗಳಾಗಿ ಊರಲ್ಲೇ ಉಳಿಯಿತು.

1956ರಲ್ಲಿ ಗಣಿ ರಾಜ್ಯ ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ 28ರಂದು ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಬಿ.ಇ.ಎಂ.ಎಲ್. ಕಾರ್ಖಾನೆ ಇದ್ದರೂ ಅದು ಎಲ್ಲರಿಗೂ ಅನ್ನ ಕೊಡುವಷ್ಟು ದೊಡ್ಡದಲ್ಲ. ಗಣಿಕಾರ್ಮಿಕರ ಮಕ್ಕಳು ಈಗ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ.

ಆಷಾಢದ ಗಾಳಿ ಎದ್ದರೆ ದಿಬ್ಬದ ಹುಡಿ ಅಡುಗೆಮನೆಗೂ ಬರುತ್ತದೆ. ಹೆಸರು ಕೇಳಿ ಜನ ಹೆದರುವುದು ಸೈನೈಡಿಗೆ. ಆದರೆ ಬಿಸಿಲಿಗೆ, ಗಾಳಿಗೆ ತೆರೆದ ಮೇಲ್ಪದರದಲ್ಲಿ ಸೈನೈಡ್ ಕಾಲಕ್ರಮೇಣ ಒಡೆದುಹೋಗುತ್ತದೆ. ಶ್ವಾಸಕೋಶಕ್ಕೆ ಹೆಚ್ಚಿನ ಅಪಾಯ ಸಿಲಿಕಾ ಹುಡಿಯದು. ಆಳದಲ್ಲಿ ಅಪ್ಪ-ತಾತಂದಿರನ್ನು ಕೆಮ್ಮಿಸಿದ ಸಿಲಿಕೋಸಿಸ್ಸಿಗೆ ಕಾರಣವಾದದ್ದೂ ಅದೇ. ಇನ್ನು ದಿಬ್ಬದ ಒಡಲಲ್ಲಿ ಏನು ಉಳಿದಿದೆ, ಭಾರಲೋಹಗಳು ಎಷ್ಟಿವೆ, ಮಳೆನೀರಿನೊಂದಿಗೆ ಯಾವ ಬಾವಿಗೆ ಇಳಿಯುತ್ತಿವೆ ಎಂಬುದು ಮೇಲಿನ ಹಿಡಿ ಮಣ್ಣು ನೋಡಿ ತಿಳಿಯುವಂಥದ್ದಲ್ಲ. ಒಂದೊಂದು ದಿಬ್ಬವನ್ನೂ ತಳದವರೆಗೆ ಕೊರೆದು ಮಾದರಿ ತೆಗೆಯಬೇಕು. ಸುತ್ತಲ ಬಾವಿಗಳ ನೀರನ್ನು ಬೇಸಿಗೆ, ಮಳೆಗಾಲ ಎರಡರಲ್ಲೂ ನೋಡಬೇಕು.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 1,003 ಎಕರೆಯಲ್ಲಿ ಹರಡಿರುವ ಈ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿತು. ಊರಿನಲ್ಲಿ ಕೆಲಸದ ಆಸೆ ಚಿಗುರಿತು. ಆಸೆ ತಪ್ಪಲ್ಲ, ಲೆಕ್ಕವನ್ನೂ ಜೊತೆಗಿಟ್ಟುಕೊಳ್ಳಬೇಕು. ಟನ್ನಿಗೆ ಒಂದು ಗ್ರಾಂ ಚಿನ್ನ ಸಿಕ್ಕಿತೆಂದೇ ಇಟ್ಟುಕೊಳ್ಳಿ, 9,99,999 ಗ್ರಾಂ ಹುಡಿ ಹಾಗೇ ಉಳಿಯುತ್ತದೆ. ಜೋಹಾನ್ಸ್‌ಬರ್ಗಿನ ಸುತ್ತಲ ಹಳೆಯ ದಿಬ್ಬಗಳನ್ನು 1970ರ ದಶಕದ ಕೊನೆಯಿಂದ ಹೀಗೆಯೇ ನೀರಿನ ಫಿರಂಗಿಯಿಂದ ಕರಗಿಸಿ ಮರಳಿ ಚಿನ್ನ ತೆಗೆಯುತ್ತಾ ಬಂದಿದ್ದಾರೆ. ಅಲ್ಲಿ ಪೇಟೆಯ ನಡುವಿನ ಜಾಗ ತೆರವಾಯಿತು ನಿಜ, ಆದರೆ ಹುಡಿಯೆಲ್ಲ ಪೈಪಿನಲ್ಲಿ ದೂರ ಹೋಗಿ ಇನ್ನೊಂದು ಮಹಾದಿಬ್ಬವಾಯಿತು.

ಹಾಗಾಗಿ ಕೆ.ಜಿ.ಎಫ್.ನಲ್ಲಿ ಗುತ್ತಿಗೆಗೆ ಸಹಿ ಬೀಳುವ ಮೊದಲೇ ತೀರ್ಮಾನವಾಗಬೇಕಾದ ಮಾತುಗಳಿವೆ: ಉಳಿದ ಹುಡಿ ಎಲ್ಲಿಗೆ ಹೋಗುತ್ತದೆ, ಅಗೆಯುವಾಗ ಧೂಳು ಅಡಗಿಸಲು ನೀರು ಯಾರದು, ತೆರವಾದ ನೆಲವನ್ನು ಪರೀಕ್ಷಿಸಿ ಯೋಗ್ಯವೆಂದು ಬರೆದುಕೊಡುವವರು ಯಾರು. ನೆಲವೆಲ್ಲ ಒಂದೇ ತರಹದ್ದೂ ಅಲ್ಲ. ಬಂಗಲೆಗಳಿದ್ದ ಕಡೆ ಶಾಲೆ ಕಟ್ಟಬಹುದು. ಗಿರಣಿ ಇದ್ದ ಜಾಗದಲ್ಲಿ ಮೇಲ್ಮಣ್ಣು ತೆಗೆಯದೆ ಕಟ್ಟಬಾರದು. ಕೆಳಗೆ ಸುರಂಗ ಟೊಳ್ಳಾಗಿರುವ ಕಡೆ ಭಾರದ ಕಾರ್ಖಾನೆ ಬೇಡ. ಲಾಭದ ಹಣದಲ್ಲಿ ಒಂದು ಪಾಲನ್ನು ಈ ಕೆಲಸಗಳಿಗೆಂದೇ ಮೊದಲೇ ತೆಗೆದಿಡಬೇಕು. ಮೊದಲ ಸಲ ಚಿನ್ನ ತೆಗೆದವರು ಆ ಪಾಲನ್ನು ತೆಗೆದಿಡಲಿಲ್ಲ, ಆ ಬಾಕಿಯನ್ನು ಲೈನಿನ ಜನ ಇಂದಿಗೂ ತೀರಿಸುತ್ತಿದ್ದಾರೆ.